ಒಂದೇ ಹೆಸರಿನ ಟೇಬಲ್ 64 ಸ್ಕೀಮಾಗಳಲ್ಲಿ ಎಲ್ಲೆಲ್ಲಿದೆ, ಎಲ್ಲಿಲ್ಲ: ಪೋಸ್ಟ್‌ಗ್ರೆಸ್‌ನಲ್ಲಿ ನಂಬುವಂಥ ಪಟ್ಟಿ ಪಡೆಯುವುದು ಹೇಗೆ?

ಸಾಲು_ಕಂಬ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಪೋಸ್ಟ್‌ಗ್ರೆಸ್ 15, ಒಂದೇ ಡೇಟಾಬೇಸ್, ಅದರೊಳಗೆ ಗ್ರಾಹಕರಿಗೆ ಒಂದರಂತೆ 64 ಸ್ಕೀಮಾ (ಟೇಬಲ್‌ಗಳನ್ನು ಬೇರೆ ಬೇರೆ ಇಡುವ ವಿಭಾಗ). ಹೆಸರು ಜಿಆರ್_001 ರಿಂದ ಜಿಆರ್_064 ರವರೆಗೆ. ಪ್ರತಿಯೊಂದರಲ್ಲೂ ಬಿಲ್_ಲೈನ್ ಎಂಬ ಟೇಬಲ್ ಇರಲೇಬೇಕು. ಅದಕ್ಕೆ ಹೊಸ ಕಾಲಂ ಸೇರಿಸುವ ಮೊದಲು ಅದು ಎಲ್ಲೆಲ್ಲಿದೆ ಅಂತ ಪಟ್ಟಿ ಮಾಡಲು ಹೊರಟರೆ ಲೆಕ್ಕ ತಾಳೆಯಾಗುತ್ತಿಲ್ಲ.

ಪಿಎಸ್‌ಕ್ಯುಎಲ್‌ನಲ್ಲಿ (ಪೋಸ್ಟ್‌ಗ್ರೆಸ್‌ಗೆ ಆಜ್ಞೆ ಟೈಪ್ ಮಾಡುವ ಪ್ರೋಗ್ರಾಂ) \ಡಿಟಿ ಬಿಲ್_ಲೈನ್ ಅಂದರೆ ಒಂದೇ ಸಾಲು ಬರುತ್ತದೆ, ಅದೂ ಪಬ್ಲಿಕ್ ಸ್ಕೀಮಾದ್ದು. ಅಪ್ಲಿಕೇಶನ್ ಯೂಸರ್‌ನಲ್ಲಿ ಲಾಗಿನ್ ಆಗಿ ಇನ್ಫರ್ಮೇಶನ್_ಸ್ಕೀಮಾ.ಟೇಬಲ್ಸ್ ಕೇಳಿದರೆ 61 ಸಾಲು. ಅದೇ ಕ್ವೆರಿಯನ್ನು ಅಡ್ಮಿನ್ ಯೂಸರ್‌ನಲ್ಲಿ ಓಡಿಸಿದರೆ 65. ಸ್ಕೀಮಾ ಇರುವುದೇ 64!

ನನಗೆ ಬೇಕಾದದ್ದು ಇಷ್ಟು: ಟೇಬಲ್ ಇರುವ ಎಲ್ಲ ಸ್ಕೀಮಾಗಳ ಪಟ್ಟಿ, ಇಲ್ಲದಿರುವ ಸ್ಕೀಮಾಗಳ ಪಟ್ಟಿ, ಮತ್ತು ಪ್ರತಿಯೊಂದರಲ್ಲಿ ಎಷ್ಟು ರೋ ಇವೆ ಎಂಬ ಸಂಖ್ಯೆ. ಹೆಸರು ಅರ್ಧ ಮಾತ್ರ ನೆನಪಿದ್ದಾಗ ಹುಡುಕುವ ಕ್ರಮವನ್ನೂ ಹೇಳಿದರೆ ಉಪಕಾರ.

ಕ್ಯಾಟಲಾಗ್_ಓದುಗ ಉತ್ತರಿಸಿದ್ದು:

ನಿಮಗೆ ಬಂದ ಮೂರೂ ಉತ್ತರ ಸರಿಯೇ. ಒಂದೊಂದೂ ಬೇರೆ ಪ್ರಶ್ನೆಗೆ ಬಂದ ಉತ್ತರ, ಅಷ್ಟೇ.

\ಡಿಟಿ ಬಿಲ್_ಲೈನ್ ಅಂತ ಬರೀ ಹೆಸರು ಕೊಟ್ಟರೆ ಪಿಎಸ್‌ಕ್ಯುಎಲ್ ಸರ್ಚ್_ಪಾತ್‌ನಲ್ಲಿರುವ ಸ್ಕೀಮಾಗಳನ್ನು ಮಾತ್ರ ನೋಡುತ್ತದೆ. ಬರೀ ಹೆಸರನ್ನು ಯಾವ ಸ್ಕೀಮಾಗಳಲ್ಲಿ, ಯಾವ ಕ್ರಮದಲ್ಲಿ ಹುಡುಕಬೇಕು ಎಂಬ ಪಟ್ಟಿ ಅದು. ನೀವು ಬದಲಾಯಿಸದಿದ್ದರೆ ಸರ್ಚ್_ಪಾತ್ ಅಂದರೆ ಯೂಸರ್ ಹೆಸರಿನದೇ ಸ್ಕೀಮಾ, ಆಮೇಲೆ ಪಬ್ಲಿಕ್. ಎಲ್ಲ ಸ್ಕೀಮಾ ಬೇಕಾದರೆ ಚುಕ್ಕಿಯ ಹಿಂದೆ ನಕ್ಷತ್ರ ಹಾಕಿ: \ಡಿಟಿ *.ಬಿಲ್_ಲೈನ್

ಇನ್ಫರ್ಮೇಶನ್_ಸ್ಕೀಮಾ.ಟೇಬಲ್ಸ್ ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು. ಈಗಿನ ಯೂಸರ್ ಯಾವ ಟೇಬಲ್ಲಿನ ಒಡೆಯನೋ, ಅಥವಾ ಯಾವ ಟೇಬಲ್ ಮೇಲೆ ಅವನಿಗೆ ಏನಾದರೊಂದು ಅನುಮತಿ ಇದೆಯೋ, ಅಷ್ಟನ್ನು ಮಾತ್ರ ಅದು ತೋರಿಸುತ್ತದೆ. ಅನುಮತಿ ಇಲ್ಲದ್ದರ ಬಗ್ಗೆ ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಆ ಸಾಲೇ ಬರುವುದಿಲ್ಲ. ಹಾಗಾಗಿ ನಿಮ್ಮ 61 ಅಂದರೆ "ಅಪ್ಲಿಕೇಶನ್ ಯೂಸರ್‌ಗೆ ಗ್ರಾಂಟ್ ಆಗಿರುವ ಟೇಬಲ್ 61" ಅಂತ. "ಇಲ್ಲ" ಎಂಬ ತೀರ್ಮಾನಕ್ಕೆ ಆ ವ್ಯೂ ಎಂದೂ ಆಧಾರವಾಗಬಾರದು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಮೈಗ್ರೇಶನ್ ಸ್ಕ್ರಿಪ್ಟುಗಳು "ಟೇಬಲ್ ಇಲ್ಲದಿದ್ದರೆ ಸೃಷ್ಟಿಸು" ಎಂಬ ತಪಾಸಣೆಯನ್ನು ಬಹಳ ಸಲ ಇದರ ಮೇಲೇ ಕಟ್ಟಿರುತ್ತವೆ. ಇರುವ ಟೇಬಲ್ಲೇ ಇಲ್ಲ ಅಂದುಕೊಂಡು ಸ್ಕ್ರಿಪ್ಟ್ ಮುಂದೆ ಹೋಗಿ, ಇನ್ನೆಲ್ಲೋ ಎರರ್ ಕೊಟ್ಟು ನಿಲ್ಲುತ್ತದೆ.

ಇದರದ್ದೇ ಇನ್ನೊಂದು ಮುಖವೂ ಇದೆ. ಈ ವ್ಯೂ ಟೇಬಲ್ಲಿನ ಅನುಮತಿ ನೋಡುತ್ತದೆಯೇ ಹೊರತು ಸ್ಕೀಮಾದ ಯೂಸೇಜ್ ಅನುಮತಿ ನೋಡುವುದಿಲ್ಲ. ಟೇಬಲ್‌ಗೆ ಸೆಲೆಕ್ಟ್ ಕೊಟ್ಟು ಸ್ಕೀಮಾಕ್ಕೆ ಯೂಸೇಜ್ ಕೊಡುವುದು ಮರೆತಿದ್ದರೆ ಪಟ್ಟಿಯಲ್ಲಿ ಹೆಸರು ಕಾಣುತ್ತದೆ, ಓದಲು ಹೋದರೆ ಅನುಮತಿ ಇಲ್ಲ ಅನ್ನುತ್ತದೆ.

ನಂಬಬೇಕಾದದ್ದು ಕ್ಯಾಟಲಾಗನ್ನು, ಅಂದರೆ ಪೋಸ್ಟ್‌ಗ್ರೆಸ್ ತನ್ನ ಟೇಬಲ್, ಸ್ಕೀಮಾಗಳ ವಿವರ ಇಡುವ ಒಳಟೇಬಲ್‌ಗಳನ್ನು: ಪಿಜಿ_ಕ್ಲಾಸ್ ಮತ್ತು ಪಿಜಿ_ನೇಮ್‌ಸ್ಪೇಸ್. ಇವನ್ನು ಯಾವ ಯೂಸರ್ ಓದಿದರೂ ಆ ಡೇಟಾಬೇಸಿನ ಎಲ್ಲ ಹೆಸರೂ ಕಾಣುತ್ತದೆ. ಕೋಡನ್ನು ಉಚ್ಚಾರದಂತೆ ಕನ್ನಡದಲ್ಲೇ ಬರೆದಿದ್ದೇನೆ. ಓಡಿಸುವಾಗ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿಕೊಳ್ಳಿ.

ಸೆಲೆಕ್ಟ್ ಎನ್.ಎನ್‌ಎಸ್‌ಪಿನೇಮ್, ಸಿ.ರೆಲ್‌ನೇಮ್, ಸಿ.ರೆಲ್‌ಕೈಂಡ್
ಫ್ರಮ್ ಪಿಜಿ_ಕ್ಲಾಸ್ ಸಿ
ಜಾಯಿನ್ ಪಿಜಿ_ನೇಮ್‌ಸ್ಪೇಸ್ ಎನ್ ಆನ್ ಎನ್.ಒಐಡಿ = ಸಿ.ರೆಲ್‌ನೇಮ್‌ಸ್ಪೇಸ್
ವೇರ್ ಸಿ.ರೆಲ್‌ನೇಮ್ = 'ಬಿಲ್_ಲೈನ್'
ಆಂಡ್ ಸಿ.ರೆಲ್‌ಕೈಂಡ್ ಇನ್ ('ಆರ್', 'ಪಿ', 'ವಿ', 'ಎಂ', 'ಎಫ್')
ಆರ್ಡರ್ ಬೈ 1;

ರೆಲ್‌ಕೈಂಡ್ ಷರತ್ತನ್ನು ಬಿಡಬೇಡಿ. ಪಿಜಿ_ಕ್ಲಾಸ್‌ನಲ್ಲಿ ಇಂಡೆಕ್ಸ್, ಸೀಕ್ವೆನ್ಸ್, ಟೋಸ್ಟ್ ಟೇಬಲ್ (ತೀರಾ ದೊಡ್ಡ ಮೌಲ್ಯಗಳನ್ನು ಇಡುವ ಒಳಟೇಬಲ್) ಎಲ್ಲ ಒಟ್ಟಿಗೇ ಇರುತ್ತವೆ. 'ಆರ್' ಸಾಮಾನ್ಯ ಟೇಬಲ್, 'ಪಿ' ಪಾರ್ಟಿಷನ್ ಮಾಡಿದ ಮೂಲ ಟೇಬಲ್, 'ವಿ' ವ್ಯೂ, 'ಎಂ' ಮೆಟೀರಿಯಲೈಸ್ಡ್ ವ್ಯೂ, 'ಎಫ್' ಫಾರಿನ್ ಟೇಬಲ್. ಎಲ್ಲವೂ ಸಣ್ಣಕ್ಷರ. ಮೆಟೀರಿಯಲೈಸ್ಡ್ ವ್ಯೂಗಳು ಇನ್ಫರ್ಮೇಶನ್_ಸ್ಕೀಮಾ.ಟೇಬಲ್ಸ್‌ನಲ್ಲಿ ಬರುವುದೇ ಇಲ್ಲ, ಅಡ್ಮಿನ್ ಆಗಿ ನೋಡಿದರೂ ಇಲ್ಲ. ಪಾರ್ಟಿಷನ್ ಮಕ್ಕಳೆಲ್ಲ ಪಟ್ಟಿಯಲ್ಲಿ ತುಂಬಿಕೊಂಡರೆ "ಆಂಡ್ ನಾಟ್ ಸಿ.ರೆಲ್‌ಈಸ್‌ಪಾರ್ಟಿಷನ್" ಸೇರಿಸಿ.

ಇನ್ನು "ಎಲ್ಲಿಲ್ಲ" ಎಂಬುದು. ಇಲ್ಲಿ ಹುಡುಕಾಟವನ್ನು ಸ್ಕೀಮಾ ಕಡೆಯಿಂದ ಶುರುಮಾಡಬೇಕು, ಟೇಬಲ್ ಕಡೆಯಿಂದ ಅಲ್ಲ.

ಸೆಲೆಕ್ಟ್ ಎನ್.ಎನ್‌ಎಸ್‌ಪಿನೇಮ್
ಫ್ರಮ್ ಪಿಜಿ_ನೇಮ್‌ಸ್ಪೇಸ್ ಎನ್
ಲೆಫ್ಟ್ ಜಾಯಿನ್ ಪಿಜಿ_ಕ್ಲಾಸ್ ಸಿ
ಆನ್ ಸಿ.ರೆಲ್‌ನೇಮ್‌ಸ್ಪೇಸ್ = ಎನ್.ಒಐಡಿ
ಆಂಡ್ ಸಿ.ರೆಲ್‌ನೇಮ್ = 'ಬಿಲ್_ಲೈನ್'
ಆಂಡ್ ಸಿ.ರೆಲ್‌ಕೈಂಡ್ ಇನ್ ('ಆರ್', 'ಪಿ')
ವೇರ್ ಎನ್.ಎನ್‌ಎಸ್‌ಪಿನೇಮ್ ಲೈಕ್ 'ಜಿಆರ್\_%'
ಆಂಡ್ ಸಿ.ಒಐಡಿ ಈಸ್ ನಲ್;

ರೆಲ್‌ನೇಮ್ ಮತ್ತು ರೆಲ್‌ಕೈಂಡ್ ಷರತ್ತುಗಳು ಆನ್ ಭಾಗದಲ್ಲೇ ಇರಲಿ. ವೇರ್‌ಗೆ ಇಳಿಸಿದರೆ ಟೇಬಲ್ ಇಲ್ಲದ ಸ್ಕೀಮಾದ ಸಾಲಿನಲ್ಲಿ ರೆಲ್‌ನೇಮ್ ನಲ್ ಆಗಿರುವುದರಿಂದ ಆ ಸಾಲು ಅಲ್ಲೇ ಉದುರಿಹೋಗುತ್ತದೆ. ಫಲಿತಾಂಶ ಸೊನ್ನೆ ಸಾಲು, ಎಲ್ಲೆಡೆ ಟೇಬಲ್ ಇದೆ ಅನ್ನುವ ಭ್ರಮೆ.

ನಿಮ್ಮ 65 ನ್ನು ಮೇಲಿನ ಮೊದಲ ಕ್ವೆರಿಯಲ್ಲಿ ಸ್ಕೀಮಾ ಹೆಸರಿನ ಸಮೇತ ನೋಡಿ. ಜಿಆರ್ ಅಲ್ಲದ ಸ್ಕೀಮಾ ಕನಿಷ್ಠ ಒಂದಾದರೂ ಇದೆ: ಪಬ್ಲಿಕ್. ಇನ್ನೂ ಒಂದಿದ್ದರೆ ಗ್ರಾಹಕರದ್ದು 63 ಅಂತಾಯಿತು, ಒಂದು ಕಡೆ ಟೇಬಲ್ ಕಾಣೆ.

ಸಾಲು_ಕಂಬ:

ನೀವು ಹೇಳಿದ್ದೇ ನಿಜ. ಪಬ್ಲಿಕ್ ಒಂದು, ಆರ್ಕೈವ್ ಎಂಬ ಸ್ಕೀಮಾ ಒಂದು, ಗ್ರಾಹಕರದ್ದು 63. ಎರಡನೇ ಕ್ವೆರಿ ಜಿಆರ್_047 ನ್ನು ತೋರಿಸುತ್ತಿದೆ. ಆದರೆ ಆ ಗ್ರಾಹಕರ ಬಿಲ್ಲುಗಳು ದಿನವೂ ಸರಿಯಾಗಿ ಪ್ರಿಂಟ್ ಆಗುತ್ತಿವೆ. ಹಾಗಾದರೆ ಡೇಟಾ ಎಲ್ಲಿ ಕೂತಿದೆ?

ಹಳೆ_ಇಂಡೆಕ್ಸ್ ಉತ್ತರಿಸಿದ್ದು:

ಟೇಬಲ್ ಇದೆ, ಹೆಸರಿನ ಅಕ್ಷರಗಳಲ್ಲಿ ವ್ಯತ್ಯಾಸವಿದೆ. ಇದನ್ನು ಓಡಿಸಿ:

ಸೆಲೆಕ್ಟ್ ಕೋಟ್_ಐಡೆಂಟ್(ರೆಲ್‌ನೇಮ್) ಫ್ರಮ್ ಪಿಜಿ_ಕ್ಲಾಸ್
ವೇರ್ ರೆಲ್‌ನೇಮ್‌ಸ್ಪೇಸ್ = 'ಜಿಆರ್_047'::ರೆಗ್‌ನೇಮ್‌ಸ್ಪೇಸ್
ಆಂಡ್ ರೆಲ್‌ನೇಮ್ ~* 'ಬಿಲ್_?ಲೈನ್';

ಕೋಟ್_ಐಡೆಂಟ್ ಸುಮ್ಮನೆ ಹಾಕಿದ್ದಲ್ಲ. ಉತ್ತರದಲ್ಲಿ ಹೆಸರಿನ ಸುತ್ತ ಜೋಡಿ ಉದ್ಧರಣ ಚಿಹ್ನೆ ಬಂದರೆ, ಆ ಹೆಸರನ್ನು ಕೋಟ್ ಇಲ್ಲದೆ ಬರೆದು ಕರೆಯಲು ಆಗದು ಅಂತ ಅರ್ಥ.

ಕೋಟ್ ಇಲ್ಲದೆ ಬರೆದ ಹೆಸರನ್ನು ಪೋಸ್ಟ್‌ಗ್ರೆಸ್ ಸಣ್ಣಕ್ಷರಕ್ಕೆ ಇಳಿಸುತ್ತದೆ. ಬಿಲ್ ಪದದ ಮೊದಲಕ್ಷರ, ಲೈನ್ ಪದದ ಮೊದಲಕ್ಷರ ಎರಡನ್ನೂ ಕ್ಯಾಪಿಟಲ್ ಮಾಡಿ ಬರೆದರೂ ಉಳಿಯುವುದು ಸಣ್ಣಕ್ಷರದ ಹೆಸರೇ. ಆದರೆ ಒಆರ್‌ಎಂ ಲೈಬ್ರರಿಗಳಲ್ಲಿ (ಪ್ರೋಗ್ರಾಮಿನ ಕ್ಲಾಸುಗಳನ್ನು ಟೇಬಲ್‌ಗಳಿಗೆ ಜೋಡಿಸುವವು) ಕೆಲವು ಕ್ಲಾಸಿನ ಹೆಸರನ್ನು ಹಾಗೇ ಎತ್ತಿ ಕೋಟ್ ಒಳಗೆ ಹಾಕಿ ಟೇಬಲ್ ಸೃಷ್ಟಿಸುತ್ತವೆ. ಆಗ ಕ್ಯಾಪಿಟಲ್ ಹಾಗೇ ಉಳಿದು, ಅಂಡರ್‌ಸ್ಕೋರ್ ಇಲ್ಲದ ಬೇರೆಯದೇ ಹೆಸರು ಕ್ಯಾಟಲಾಗ್ ಸೇರುತ್ತದೆ. ಜಿಆರ್_047 ರಲ್ಲಿ ಇದೇ ಆಗಿರುವ ಸಾಧ್ಯತೆ ಹೆಚ್ಚು.

ಅರ್ಧ ಹೆಸರಿನಿಂದ ಹುಡುಕುವಾಗ ಕಾಡುವುದು ಅಂಡರ್‌ಸ್ಕೋರ್. ಲೈಕ್‌ನಲ್ಲಿ ಅಂಡರ್‌ಸ್ಕೋರ್ ಅಂದರೆ "ಯಾವುದಾದರೂ ಒಂದು ಅಕ್ಷರ". ಹಾಗಾಗಿ ಲೈಕ್ 'ಜಿಆರ್_0%' ಎಂಬುದು ಜಿಆರ್_012 ನ್ನೂ ಹಿಡಿಯುತ್ತದೆ, ಜಿಆರ್-0 ಅಂತ ಶುರುವಾಗುವುದನ್ನೂ ಹಿಡಿಯುತ್ತದೆ. ನಿಜವಾದ ಅಂಡರ್‌ಸ್ಕೋರೇ ಬೇಕಿದ್ದರೆ ಅದರ ಹಿಂದೆ ಬ್ಯಾಕ್‌ಸ್ಲ್ಯಾಶ್. ಮೇಲಿನ ಉತ್ತರದಲ್ಲಿ 'ಜಿಆರ್\_%' ಅಂತ ಬರೆದಿರುವುದು ಅದಕ್ಕೇ. ~* ಬಳಸುವ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ ಅಂಡರ್‌ಸ್ಕೋರ್‌ಗೆ ವಿಶೇಷ ಅರ್ಥವಿಲ್ಲ, ಅದರ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ "ಇದ್ದರೂ ಸರಿ, ಇಲ್ಲದಿದ್ದರೂ ಸರಿ". ನಕ್ಷತ್ರ ಇರುವುದರಿಂದ ಸಣ್ಣ–ದೊಡ್ಡ ಅಕ್ಷರದ ಭೇದವೂ ಇಲ್ಲ. ಹೆಸರು ಸರಿಯಾಗಿ ನೆನಪಿಲ್ಲದಾಗ ಲೈಕ್‌ಗಿಂತ ಇದನ್ನೇ ಮೊದಲು ಹಿಡಿಯಿರಿ.

ಪಿಎಸ್‌ಕ್ಯುಎಲ್‌ನ \ಡಿಟಿ ಮಾದರಿಯ ನಿಯಮವೇ ಬೇರೆ. ಅಲ್ಲಿ ನಕ್ಷತ್ರ ಅಂದರೆ ಎಷ್ಟಾದರೂ ಅಕ್ಷರ, ಪ್ರಶ್ನಾರ್ಥಕ ಅಂದರೆ ಒಂದು ಅಕ್ಷರ, ಅಂಡರ್‌ಸ್ಕೋರ್ ಬರೀ ಅಂಡರ್‌ಸ್ಕೋರ್. ಜೊತೆಗೆ ಅದೂ ಕೋಟ್ ಇಲ್ಲದ್ದನ್ನು ಸಣ್ಣಕ್ಷರಕ್ಕೆ ಇಳಿಸುತ್ತದೆ. ಹಾಗಾಗಿ ಕ್ಯಾಪಿಟಲ್ ಇರುವ ಹೆಸರು \ಡಿಟಿ *.ಬಿಲ್*ಲೈನ್* ಗೆ ಸಿಗುವುದಿಲ್ಲ. ಕೋಟ್ ಒಳಗೆ ಇಟ್ಟು ಕೇಳಬೇಕು, ಮತ್ತು ಕೋಟ್ ಒಳಗಿನ ನಕ್ಷತ್ರಕ್ಕೆ ವಿಶೇಷ ಅರ್ಥ ಇರುವುದಿಲ್ಲ.

ಇನ್ನೊಂದು ವಿಷಯ, ಕನ್ನಡದಲ್ಲೇ ಟೇಬಲ್‌ಗೆ ಹೆಸರಿಡುವವರಿಗಾಗಿ. ಪೋಸ್ಟ್‌ಗ್ರೆಸ್ ಕನ್ನಡ ಹೆಸರನ್ನು ಧಾರಾಳವಾಗಿ ಒಪ್ಪುತ್ತದೆ. ಆದರೆ ಹೆಸರಿನ ಮಿತಿ 63 ಬೈಟ್, 63 ಅಕ್ಷರ ಅಲ್ಲ. ಯುಟಿಎಫ್-8 ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. ವ್ಯಂಜನಕ್ಕೆ 3, ಕಾಗುಣಿತದ ಚಿಹ್ನೆಗೆ 3, ಒತ್ತಿಗೆ ಮುಂಚಿನ ಹಲಂತಕ್ಕೂ 3. "ಗ್ರಾ" ಒಂದೇ ಅಕ್ಷರವಾಗಿ ಕಂಡರೂ ಗ, ಹಲಂತ, ರ, ಆ-ಕಾರದ ಗುರುತು ಸೇರಿ 12 ಬೈಟ್. ಉದಾಹರಣೆಗೆ ಗ್ರಾಹಕರ_ಬಿಲ್ಲಿನ_ಸಾಲುಗಳು ಎಂಬ ಹೆಸರು ತೆಗೆದುಕೊಳ್ಳಿ. ಮೂರು ಪದಕ್ಕೂ 7 ಸಂಕೇತದಂತೆ 21, ಅಂದರೆ 63 ಬೈಟ್. ಎರಡು ಅಂಡರ್‌ಸ್ಕೋರ್ ಸೇರಿ 65. ಮಿತಿ ಮೀರಿತು. ಪೋಸ್ಟ್‌ಗ್ರೆಸ್ ಒಂದು ನೋಟಿಸ್ ಕೊಟ್ಟು ಕೊನೆಯ ಉ-ಕಾರವನ್ನು ಕತ್ತರಿಸಿ ಗ್ರಾಹಕರ_ಬಿಲ್ಲಿನ_ಸಾಲುಗಳ ಎಂದು ಇಟ್ಟುಕೊಳ್ಳುತ್ತದೆ. ಕ್ವೆರಿಯಲ್ಲಿ ಪೂರ್ತಿ ಹೆಸರು ಬರೆದರೂ ಅಲ್ಲೂ ಹಾಗೇ ಕತ್ತರಿಸುವುದರಿಂದ ಸೆಲೆಕ್ಟ್ ಸಲೀಸಾಗಿ ನಡೆಯುತ್ತದೆ. ಪಿಜಿ_ಕ್ಲಾಸ್‌ನಲ್ಲಿ ಪೂರ್ತಿ ಹೆಸರನ್ನು ಲೈಕ್ ಹಾಕಿ ಹುಡುಕಿದರೆ ಮಾತ್ರ ಸಿಗುವುದಿಲ್ಲ.

ಕೀಬೋರ್ಡು ಸೇರಿಸುವ ಕಾಣದ ಅಕ್ಷರವೂ ಇದೆ. "ಬಿಲ್" ಪದದ ಕೊನೆಯ ಹಲಂತದ ನಂತರ ಅಗಲವಿಲ್ಲದ ತಡೆ-ಅಕ್ಷರ ಸೇರಿಕೊಂಡಿದ್ದರೆ ಪರದೆಯ ಮೇಲೆ ಎರಡೂ ಒಂದೇ. ಆಕ್ಟೆಟ್_ಲೆಂಗ್ತ್(ರೆಲ್‌ನೇಮ್::ಟೆಕ್ಸ್ಟ್) ಕೇಳಿ: ಒಂದಕ್ಕೆ 12, ಇನ್ನೊಂದಕ್ಕೆ 15 ಬರುತ್ತದೆ. ಹುಡುಕುವಾಗ ಎರಡೂ ಸಿಗಬೇಕಾದರೆ ರಿಪ್ಲೇಸ್(ರೆಲ್‌ನೇಮ್::ಟೆಕ್ಸ್ಟ್, ಸಿಎಚ್‌ಆರ್(8204), '') ಅಂತ ಅದನ್ನು ತೆಗೆದು ಹೋಲಿಸಿ. ಕೊ, ಕೇ ತರಹದ ಗುಣಿತಾಕ್ಷರಗಳನ್ನು ಒಂದೇ ಸಂಕೇತದಿಂದಲೂ ಬರೆಯಬಹುದು, ಎರಡನ್ನು ಜೋಡಿಸಿಯೂ ಬರೆಯಬಹುದು. ಅದನ್ನು ಸಮ ಮಾಡಲು 13 ನೇ ಆವೃತ್ತಿಯಿಂದ ನಾರ್ಮಲೈಸ್ ಫಂಕ್ಷನ್ ಇದೆ, ಡೇಟಾಬೇಸ್ ಯುಟಿಎಫ್-8 ಆಗಿರಬೇಕು.

ಸಾಲು_ಕಂಬ:

ಸಿಕ್ಕಿತು. ಉತ್ತರ ಕೋಟ್ ಸಮೇತ ಬಂತು, ಎರಡು ಪದದ ಮೊದಲಕ್ಷರ ಕ್ಯಾಪಿಟಲ್, ಅಂಡರ್‌ಸ್ಕೋರ್ ಇಲ್ಲ. ಅಂದರೆ 64 ಕ್ಕೆ 64 ಇವೆ. ಹೆಸರು ಬದಲಿಸಿದರೆ ಏನಾದರೂ ತೊಂದರೆಯೇ? ಮತ್ತೆ ರೋ ಸಂಖ್ಯೆಗೆ ಪಿಜಿ_ಕ್ಲಾಸ್‌ನ ರೆಲ್‌ಟಪಲ್ಸ್ ನೋಡಿದೆ, ಕೆಲವು ಕಡೆ -1 ಅಂತ ಇದೆ.

ವ್ಯಾಕ್ಯೂಮ್_ವೇಳೆ ಉತ್ತರಿಸಿದ್ದು:

-1 ಅಂದರೆ ಆ ಟೇಬಲ್ ಮೇಲೆ ಈವರೆಗೆ ವ್ಯಾಕ್ಯೂಮ್ (ಬೇಡದ ಹಳೆಯ ಸಾಲುಗಳ ಶುಚಿ) ಆಗಲಿ ಅನಲೈಜ್ (ಅಂಕಿಅಂಶ ಸಂಗ್ರಹ) ಆಗಲಿ ಓಡಿಲ್ಲ. 14 ನೇ ಆವೃತ್ತಿಯಿಂದ ಹೀಗೆ. ಅದಕ್ಕೂ ಹಿಂದೆ ಇಂಥ ಟೇಬಲ್‌ಗೂ 0 ಬರುತ್ತಿತ್ತು, ಖಾಲಿಯೋ ಎಣಿಸಿಲ್ಲವೋ ತಿಳಿಯುತ್ತಿರಲಿಲ್ಲ. -1 ಅಲ್ಲದಿದ್ದರೂ ರೆಲ್‌ಟಪಲ್ಸ್ ಬರೀ ಅಂದಾಜು. ಯಾವ ಸ್ಕೀಮಾ ದೊಡ್ಡದು, ಯಾವುದು ಚಿಕ್ಕದು ಅಂತ ಸಾಲಾಗಿ ಜೋಡಿಸಲು ಸಾಕು. ಗಾತ್ರ ಬೇಕಿದ್ದರೆ ಪಿಜಿ_ಟೋಟಲ್_ರಿಲೇಶನ್_ಸೈಜ್(ಸಿ.ಒಐಡಿ), ಇದು ಇಂಡೆಕ್ಸ್ ಮತ್ತು ಟೋಸ್ಟ್ ಸೇರಿಸಿ ಬೈಟ್‌ನಲ್ಲಿ ಹೇಳುತ್ತದೆ.

ನಿಖರ ಎಣಿಕೆಗೆ ಪ್ರತಿ ಟೇಬಲ್ ಮೇಲೆ ಕೌಂಟ್ ಓಡಿಸದೆ ಬೇರೆ ದಾರಿ ಇಲ್ಲ. 64 ಕ್ವೆರಿ ಕೈಯಲ್ಲಿ ಬರೆಯಬೇಡಿ, ಕ್ಯಾಟಲಾಗ್‌ನಿಂದಲೇ ಬರೆಸಿ. ಪಿಎಸ್‌ಕ್ಯುಎಲ್‌ನಲ್ಲಿ:

ಸೆಲೆಕ್ಟ್ ಸ್ಟ್ರಿಂಗ್_ಆಗ್(ಫಾರ್ಮ್ಯಾಟ್('ಸೆಲೆಕ್ಟ್ %ಎಲ್ ಆಸ್ ಸ್ಕೀಮಾ, ಕೌಂಟ್(*) ಫ್ರಮ್ %ಐ.%ಐ',
ಎನ್.ಎನ್‌ಎಸ್‌ಪಿನೇಮ್, ಎನ್.ಎನ್‌ಎಸ್‌ಪಿನೇಮ್, ಸಿ.ರೆಲ್‌ನೇಮ್), ' ಯೂನಿಯನ್ ಆಲ್ ')
ಫ್ರಮ್ ಪಿಜಿ_ಕ್ಲಾಸ್ ಸಿ ಜಾಯಿನ್ ಪಿಜಿ_ನೇಮ್‌ಸ್ಪೇಸ್ ಎನ್ ಆನ್ ಎನ್.ಒಐಡಿ = ಸಿ.ರೆಲ್‌ನೇಮ್‌ಸ್ಪೇಸ್
ವೇರ್ ಸಿ.ರೆಲ್‌ನೇಮ್ ~* '^ಬಿಲ್_?ಲೈನ್$' ಆಂಡ್ ಸಿ.ರೆಲ್‌ಕೈಂಡ್ ಇನ್ ('ಆರ್', 'ಪಿ')
ಆಂಡ್ ಎನ್.ಎನ್‌ಎಸ್‌ಪಿನೇಮ್ ಲೈಕ್ 'ಜಿಆರ್\_%'
\ಜಿಎಕ್ಸೆಕ್

ಕೊನೆಯಲ್ಲಿ ಸೆಮಿಕೋಲನ್ ಬೇಡ, ಅದರ ಜಾಗದಲ್ಲೇ \ಜಿಎಕ್ಸೆಕ್. ಮೊದಲ ಕ್ವೆರಿ ಉತ್ತರವಾಗಿ ಕೊಡುವ ಅಕ್ಷರಗಳನ್ನೇ ಅದು ಹೊಸ ಕ್ವೆರಿಯಾಗಿ ಓಡಿಸುತ್ತದೆ, 9.6 ರಿಂದ ಲಭ್ಯ. ಫಾರ್ಮ್ಯಾಟ್‌ನಲ್ಲಿ ಶೇಕಡಾ ಚಿಹ್ನೆಯ ಮುಂದಿನ ಐ ಮತ್ತು ಎಲ್ ಎರಡೂ ಕ್ಯಾಪಿಟಲ್. ಐ ಎಂಬುದು ಹೆಸರಿಗೆ ಅಗತ್ಯವಿದ್ದಲ್ಲಿ ಜೋಡಿ ಕೋಟ್ ಹಾಕುತ್ತದೆ, ಎಲ್ ಎಂಬುದು ಮೌಲ್ಯಕ್ಕೆ ಒಂಟಿ ಕೋಟ್ ಹಾಕುತ್ತದೆ. ಇವನ್ನು ಬಿಟ್ಟು ಬರೀ ಎಸ್ ಬಳಸಿದರೆ ಜಿಆರ್_047 ರ ಕ್ಯಾಪಿಟಲ್ ಹೆಸರು ಕೋಟ್ ಇಲ್ಲದೆ ಹೋಗಿ, ಟೇಬಲ್ ಇಲ್ಲ ಎಂಬ ಎರರ್ ಬಂದು ಇಡೀ ಯೂನಿಯನ್ ನಿಲ್ಲುತ್ತದೆ.

ಓಡಿಸುವ ಯೂಸರ್‌ಗೆ ಎಲ್ಲ 64 ರಲ್ಲೂ ಓದುವ ಅನುಮತಿ ಬೇಕು. 14 ರಿಂದ ಪಿಜಿ_ರೀಡ್_ಆಲ್_ಡೇಟಾ ಎಂಬ ಸಿದ್ಧ ರೋಲ್ ಇದೆ, ಎಲ್ಲ ಟೇಬಲ್ಲಿಗೂ ಸೆಲೆಕ್ಟ್, ಎಲ್ಲ ಸ್ಕೀಮಾಕ್ಕೂ ಯೂಸೇಜ್ ಕೊಡುತ್ತದೆ. ವರದಿ ತೆಗೆಯುವ ಯೂಸರ್‌ಗೆ ಇದು ಒಳ್ಳೆಯದು, ಅಪ್ಲಿಕೇಶನ್ ಯೂಸರ್‌ಗೆ ಕೊಡಬೇಡಿ.

ಹೆಸರು ಬದಲಿಸುವ ವಿಷಯ. ಆಲ್ಟರ್ ಟೇಬಲ್ ರಿನೇಮ್ ಡೇಟಾವನ್ನು ಮುಟ್ಟುವುದಿಲ್ಲ, ಕ್ಷಣದ ಕೆಲಸ. ಆದರೆ ಆ ಕ್ಷಣಕ್ಕೆ ಟೇಬಲ್ ಮೇಲೆ ಸಂಪೂರ್ಣ ಬೀಗ ಬೇಕು. ಉದ್ದದ ಒಂದು ಟ್ರಾನ್ಸಾಕ್ಷನ್ ಅಲ್ಲಿ ತೆರೆದಿದ್ದರೆ ನಿಮ್ಮ ರಿನೇಮ್ ಅದಕ್ಕಾಗಿ ಕಾಯುತ್ತದೆ, ಮತ್ತು ರಿನೇಮ್ ಹಿಂದೆ ಬಂದ ಎಲ್ಲ ಸೆಲೆಕ್ಟ್‌ಗಳೂ ಸಾಲುಗಟ್ಟಿ ನಿಲ್ಲುತ್ತವೆ. ಮೊದಲು ಸೆಟ್ ಲಾಕ್_ಟೈಮ್‌ಔಟ್ = '2s' ಥರ ಒಂದು ಗಡುವು ಇಡಿ (ಕೊನೆಯಲ್ಲಿರುವುದು ಸೆಕೆಂಡಿನ ಇಂಗ್ಲಿಷ್ ಮೊದಲಕ್ಷರ), ಸಿಗದಿದ್ದರೆ ಬಿಟ್ಟು ಮತ್ತೆ ಯತ್ನಿಸಿ. ಆ ಟೇಬಲ್ ಬಳಸುವ ವ್ಯೂಗಳು ಒಐಡಿ (ಪೋಸ್ಟ್‌ಗ್ರೆಸ್ ಒಳಗೆ ಕೊಡುವ ಗುರುತಿನ ಸಂಖ್ಯೆ) ಮೂಲಕ ಕಟ್ಟಿಕೊಂಡಿರುವುದರಿಂದ ಮುರಿಯುವುದಿಲ್ಲ. ಪಿಎಲ್‌ಪಿಜಿಎಸ್‌ಕ್ಯುಎಲ್ ಫಂಕ್ಷನ್ ಒಳಗೆ ಹಳೆಯ ಹೆಸರು ಅಕ್ಷರವಾಗಿ ಬರೆದಿದ್ದರೆ ಅದು ಮುಂದಿನ ಕರೆಯಲ್ಲಿ ಮುರಿಯುತ್ತದೆ. ಇಂಡೆಕ್ಸ್, ಕನ್‌ಸ್ಟ್ರೈಂಟ್, ಸೀಕ್ವೆನ್ಸ್ ಹೆಸರುಗಳು ಹಳೆಯವೇ ಉಳಿಯುತ್ತವೆ. ಟೇಬಲ್ ಹೆಸರು ಹೀಗಿದ್ದರೆ ಕಾಲಂ ಹೆಸರುಗಳೂ ಕ್ಯಾಪಿಟಲ್‌ನಲ್ಲೇ ಇರುವ ಸಂಭವ ಇದೆ, ಮೊದಲೇ ನೋಡಿಕೊಳ್ಳಿ.

ಕ್ಯಾಟಲಾಗ್_ಓದುಗ:

ಪಬ್ಲಿಕ್‌ನಲ್ಲೂ ಒಂದು ಬಿಲ್_ಲೈನ್ ಇದೆ ಅಂದಿರಿ. ನನಗೆ ಜಿಆರ್_047 ಗಿಂತ ಅದೇ ಹೆಚ್ಚು ಚಿಂತೆ.

ಸರ್ಚ್_ಪಾತ್‌ನಲ್ಲಿ ಇಲ್ಲದ ಸ್ಕೀಮಾ ಹೆಸರು ಹಾಕಿದರೆ ಪೋಸ್ಟ್‌ಗ್ರೆಸ್ ಎರರ್ ಕೊಡುವುದಿಲ್ಲ, ಅದನ್ನು ದಾಟಿ ಮುಂದಿನದಕ್ಕೆ ಹೋಗುತ್ತದೆ. ಯೂಸೇಜ್ ಅನುಮತಿ ಇಲ್ಲದ ಸ್ಕೀಮಾವನ್ನೂ ಹಾಗೇ ದಾಟುತ್ತದೆ. ಅಪ್ಲಿಕೇಶನ್ "ಜಿಆರ್_12, ಪಬ್ಲಿಕ್" ಅಂತ ಒಂದು ಸೊನ್ನೆ ಬಿಟ್ಟು ಇಟ್ಟಿತು ಅನ್ನಿ. ಬಿಲ್_ಲೈನ್‌ಗೆ ಇನ್ಸರ್ಟ್ ಮಾಡಿದರೆ ಸಾಲು ಪಬ್ಲಿಕ್‌ಗೆ ಹೋಗಿ ಬೀಳುತ್ತದೆ, ಯಾರಿಗೂ ತಿಳಿಯುವುದಿಲ್ಲ. ಅಪ್ಲಿಕೇಶನ್ ಯೂಸರ್‌ಗೆ ಪಬ್ಲಿಕ್‌ನ ಟೇಬಲ್ ಮೇಲೆ ಸದ್ಯ ಅನುಮತಿ ಇಲ್ಲದ್ದು ನಿಮ್ಮನ್ನು ಕಾಪಾಡುತ್ತಿದೆ. ಆ ಟೇಬಲ್ ಬೇಡದ್ದಾದರೆ ಬ್ಯಾಕಪ್ ತೆಗೆದು ಅಳಿಸಿಬಿಡಿ. ಅದು ಇಲ್ಲದಿದ್ದರೆ ತಪ್ಪು ಸರ್ಚ್_ಪಾತ್ ತಕ್ಷಣ "ಟೇಬಲ್ ಇಲ್ಲ" ಎಂಬ ಎರರ್ ಆಗಿ ಹೊರಬರುತ್ತದೆ, ಅದೇ ಆರೋಗ್ಯಕರ.

ಓದುತ್ತಿರುವ ಸಾಲು ಯಾವ ಸ್ಕೀಮಾದ್ದು ಅಂತ ಖಚಿತ ಮಾಡಿಕೊಳ್ಳಲು ಟೇಬಲ್‌ಒಐಡಿ::ರೆಗ್‌ಕ್ಲಾಸ್ ಕಾಲಂ ಕೇಳಬಹುದು. ಒಂದು ಎಚ್ಚರ: ಸರ್ಚ್_ಪಾತ್‌ನಲ್ಲಿ ಕಾಣುವ ಟೇಬಲ್ ಆದರೆ ರೆಗ್‌ಕ್ಲಾಸ್ ಸ್ಕೀಮಾ ಹೆಸರು ಬಿಟ್ಟು ಬರೀ ಟೇಬಲ್ ಹೆಸರು ತೋರಿಸುತ್ತದೆ. ಆಗ ಟೇಬಲ್‌ಒಐಡಿ ಸಂಖ್ಯೆಯನ್ನೇ ತೆಗೆದುಕೊಂಡು ಪಿಜಿ_ಕ್ಲಾಸ್‌ನಲ್ಲಿ ನೋಡಿ.

ಸ್ಕ್ರಿಪ್ಟ್ ಒಳಗೆ ಟೇಬಲ್ ಇದೆಯೇ ಎಂದು ಕೇಳಲು ಟು_ರೆಗ್‌ಕ್ಲಾಸ್('ಜಿಆರ್_012.ಬಿಲ್_ಲೈನ್') ಬಳಸಿ, ಇಲ್ಲದಿದ್ದರೆ ನಲ್ ಬರುತ್ತದೆ. ನೇರ ::ರೆಗ್‌ಕ್ಲಾಸ್ ಹಾಕಿದರೆ ಎರರ್ ಬಂದು ಟ್ರಾನ್ಸಾಕ್ಷನ್ ಕೆಡುತ್ತದೆ. ಸ್ಕೀಮಾ ಹೆಸರನ್ನು ಸೇರಿಸಿಯೇ ಕೊಡಿ.

ನಡುವೆ ಪಿಜಿಬೌನ್ಸರ್ (ಸರ್ವರ್ ಕನೆಕ್ಷನ್‌ಗಳನ್ನು ಹಂಚಿ ಬಳಸುವ ಪ್ರೋಗ್ರಾಂ) ಟ್ರಾನ್ಸಾಕ್ಷನ್ ಮೋಡ್‌ನಲ್ಲಿ ಇದ್ದರೆ ಬರೀ ಸೆಟ್ ಸರ್ಚ್_ಪಾತ್ ಮಾಡಬಾರದು. ಅದು ಸರ್ವರ್ ಕನೆಕ್ಷನ್‌ಗೆ ಅಂಟಿಕೊಳ್ಳುತ್ತದೆ, ಆ ಕನೆಕ್ಷನ್ ಮುಂದಿನ ಕ್ಷಣ ಬೇರೆ ಗ್ರಾಹಕರ ಕೋರಿಕೆಗೆ ಹೋಗುತ್ತದೆ. ಬಿಗಿನ್ ಆದ ಮೇಲೆ ಸೆಟ್ ಲೋಕಲ್ ಸರ್ಚ್_ಪಾತ್. ಟ್ರಾನ್ಸಾಕ್ಷನ್ ಮುಗಿದೊಡನೆ ಅದೂ ಮುಗಿಯುತ್ತದೆ.

ಕಟ್ಟೆ_ಕೋಡ್:

ಇದೇ ಹುಡುಕಾಟ ಒರಾಕಲ್, ಮೈಎಸ್‌ಕ್ಯುಎಲ್, ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಹೇಗೆ?

ಹಳೆ_ಇಂಡೆಕ್ಸ್:

ಒರಾಕಲ್‌ನಲ್ಲಿ ಸ್ಕೀಮಾ ಅಂದರೆ ಯೂಸರ್. ಯೂಸರ್_ಟೇಬಲ್ಸ್ ನಿಮ್ಮದಷ್ಟೇ, ಆಲ್_ಟೇಬಲ್ಸ್ ನಿಮಗೆ ಅನುಮತಿ ಇರುವವು, ಡಿಬಿಎ_ಟೇಬಲ್ಸ್ ಎಲ್ಲವೂ. ಮೇಲೆ ಹೇಳಿದ 61–65 ರ ಗೊಂದಲ ಇಲ್ಲಿ ಆಲ್ ಮತ್ತು ಡಿಬಿಎ ನಡುವೆ ಬರುತ್ತದೆ. ಕೋಟ್ ಇಲ್ಲದ ಹೆಸರು ಇಲ್ಲಿ ದೊಡ್ಡಕ್ಷರಕ್ಕೆ ಏರುತ್ತದೆ, ಹಾಗಾಗಿ ಹುಡುಕುವ ಹೆಸರನ್ನು ಕ್ಯಾಪಿಟಲ್‌ನಲ್ಲೇ ಬರೆಯಬೇಕು. ಲೈಕ್‌ಗೆ ಬ್ಯಾಕ್‌ಸ್ಲ್ಯಾಶ್ ತಾನಾಗಿ ಕೆಲಸ ಮಾಡುವುದಿಲ್ಲ, ಕೊನೆಯಲ್ಲಿ ಎಸ್ಕೇಪ್ '\' ಅಂತ ಹೇಳಬೇಕು. ಹೆಸರು ಟೇಬಲ್ ಪಟ್ಟಿಯಲ್ಲಿ ಇಲ್ಲದೆಯೂ ಕ್ವೆರಿ ನಡೆಯುತ್ತಿದ್ದರೆ ಆಲ್_ಸಿನೋನಿಮ್ಸ್ ನೋಡಿ, ಅದು ಸಿನೋನಿಮ್ ಆಗಿರಬಹುದು, ಅಥವಾ ವ್ಯೂ ಆಗಿರಬಹುದು. ವ್ಯೂ ಸಮೇತ ಬೇಕಾದರೆ ಆಲ್_ಆಬ್ಜೆಕ್ಟ್ಸ್.

ಮೈಎಸ್‌ಕ್ಯುಎಲ್‌ನಲ್ಲಿ ಸ್ಕೀಮಾ, ಡೇಟಾಬೇಸ್ ಎರಡೂ ಒಂದೇ. ಹಾಗಾಗಿ ಇನ್ಫರ್ಮೇಶನ್_ಸ್ಕೀಮಾ.ಟೇಬಲ್ಸ್ ಇಡೀ ಸರ್ವರ್ ತೋರಿಸುತ್ತದೆ, ಅನುಮತಿ ಇರುವಷ್ಟು ಮಾತ್ರ. ಲಿನಕ್ಸ್‌ನಲ್ಲಿ ಟೇಬಲ್ ಹೆಸರಿಗೆ ಸಣ್ಣ–ದೊಡ್ಡ ಅಕ್ಷರ ಭೇದ ಇದೆ, ವಿಂಡೋಸ್‌ನಲ್ಲಿ ಇಲ್ಲ. ಇದನ್ನು ನಿರ್ಧರಿಸುವ ಸೆಟ್ಟಿಂಗ್ ಲೋವರ್_ಕೇಸ್_ಟೇಬಲ್_ನೇಮ್ಸ್. 8.0 ರಿಂದ ಅದನ್ನು ಸರ್ವರ್ ಮೊದಲ ಸಲ ಸಿದ್ಧಪಡಿಸುವಾಗ ಮಾತ್ರ ಆರಿಸಬಹುದು. ಟೇಬಲ್_ರೋಸ್ ಕಾಲಂ ಇನ್ನೋಡಿಬಿಗೆ ಅಂದಾಜು ಮಾತ್ರ.

ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಸಿಸ್.ಟೇಬಲ್ಸ್ ಜೊತೆ ಸಿಸ್.ಸ್ಕೀಮಾಸ್ ಜಾಯಿನ್. ಒಂದೊಂದು ಡೇಟಾಬೇಸಿಗೂ ಬೇರೆ ಬೇರೆ. ಅಂಡರ್‌ಸ್ಕೋರನ್ನು ಚೌಕ ಆವರಣದಲ್ಲಿ [_] ಇಟ್ಟು ಹುಡುಕಬೇಕು.

ಪೋಸ್ಟ್‌ಗ್ರೆಸ್‌ನಲ್ಲೂ ಪಿಜಿ_ಕ್ಲಾಸ್ ಒಂದು ಡೇಟಾಬೇಸಿಗೆ ಸೀಮಿತ ಎಂಬುದು ನೆನಪಿರಲಿ. ಹಲವು ಡೇಟಾಬೇಸ್ ಇದ್ದರೆ ಪಿಜಿ_ಡೇಟಾಬೇಸ್‌ನಿಂದ ಹೆಸರು ತೆಗೆದು ಒಂದೊಂದಕ್ಕೂ ಕನೆಕ್ಟ್ ಆಗಿ ಕೇಳಬೇಕು.

ಸಾಲು_ಕಂಬ:

ಕೊನೆಯದಾಗಿ ಎರಡು. ಎರಡು ಗ್ರಾಹಕ ಸ್ಕೀಮಾಗಳಲ್ಲಿ ಗ್ರಾಂಟ್ ತಪ್ಪಿಹೋಗಿದೆ. ಈ ಹಿಂದೆ "ಗ್ರಾಂಟ್ ಸೆಲೆಕ್ಟ್ ಆನ್ ಆಲ್ ಟೇಬಲ್ಸ್ ಇನ್ ಸ್ಕೀಮಾ" ಎಲ್ಲದಕ್ಕೂ ಓಡಿಸಲಾಗಿತ್ತು, ಆದರೂ ಯಾಕೆ ಹೀಗೆ? ಮತ್ತೆ 64 ಟೇಬಲ್‌ಗಳ ರಚನೆ ಒಂದೇ ಇದೆಯೇ ಅಂತ ಕಾಲಂ ಸೇರಿಸುವ ಮೊದಲು ಹೇಗೆ ಪರೀಕ್ಷಿಸುವುದು?

ವ್ಯಾಕ್ಯೂಮ್_ವೇಳೆ:

ರಚನೆಗೆ ಪಿಜಿ_ಆಟ್ರಿಬ್ಯೂಟ್. ಪ್ರತಿ ಸ್ಕೀಮಾಕ್ಕೂ ಕಾಲಂ ಹೆಸರು ಮತ್ತು ಫಾರ್ಮ್ಯಾಟ್_ಟೈಪ್(ಎಟಿಟಿ‌ಟೈಪ್‌ಐಡಿ, ಎಟಿಟಿ‌ಟೈಪ್‌ಮಾಡ್) ಎರಡನ್ನೂ ಸೇರಿಸಿ, ಸ್ಟ್ರಿಂಗ್_ಆಗ್‌ನಿಂದ ಒಂದೇ ಸಾಲು ಮಾಡಿ, ಎಂಡಿ5 (ಪಠ್ಯದಿಂದ ಗುರುತಿನ ಚಿಕ್ಕ ಸಂಕೇತ ಮಾಡುವ ಫಂಕ್ಷನ್) ಹಾಕಿ. ಆ ಎಂಡಿ5 ಮೇಲೆ ಗ್ರೂಪ್ ಬೈ ಮಾಡಿದರೆ ಎಲ್ಲವೂ ಒಂದೇ ಆಗಿದ್ದಲ್ಲಿ ಒಂದೇ ಗುಂಪು ಬರಬೇಕು. 61 ರ ಒಂದು ಗುಂಪು, 3 ರ ಇನ್ನೊಂದು ಬಂದರೆ ಆ 3 ನ್ನು ಮೊದಲು ಸರಿಮಾಡಿ. ಷರತ್ತಿನಲ್ಲಿ ಎಟಿಟಿ‌ನಮ್ > 0 ಮತ್ತು ನಾಟ್ ಎಟಿಟಿ‌ಈಸ್‌ಡ್ರಾಪ್ಡ್ ಇರಲೇಬೇಕು, ಇಲ್ಲದಿದ್ದರೆ ಒಳಗಿನ ಸಿಸ್ಟಂ ಕಾಲಂಗಳೂ ಅಳಿಸಿದ ಕಾಲಂಗಳ ಕುರುಹೂ ಸೇರಿಕೊಳ್ಳುತ್ತವೆ. ಸ್ಟ್ರಿಂಗ್_ಆಗ್ ಒಳಗೆ ಆರ್ಡರ್ ಬೈ ಕಾಲಂ ಹೆಸರಿನ ಮೇಲೆ ಇರಲಿ, ಎಟಿಟಿ‌ನಮ್ ಮೇಲೆ ಬೇಡ. ಒಂದು ಸ್ಕೀಮಾದಲ್ಲಿ ಕಾಲಂ ಸೇರಿಸಿದ ಕ್ರಮ ಬೇರೆಯಾಗಿದ್ದರೆ ಅಷ್ಟಕ್ಕೇ ಎಂಡಿ5 ಬದಲಾಗಿ ಸುಳ್ಳು ವ್ಯತ್ಯಾಸ ತೋರಿಸುತ್ತದೆ.

ಗ್ರಾಂಟ್ ತಪ್ಪಿದ್ದಕ್ಕೆ ಕಾರಣ: "ಆನ್ ಆಲ್ ಟೇಬಲ್ಸ್" ಎಂಬುದು ಅದನ್ನು ಓಡಿಸಿದ ಹೊತ್ತಿನಲ್ಲಿ ಇರುವ ಟೇಬಲ್‌ಗಳಿಗೆ ಮಾತ್ರ. ಆ ಮೇಲೆ ಆ ಎರಡು ಸ್ಕೀಮಾಗಳಲ್ಲಿ ಟೇಬಲ್ ಅಳಿಸಿ ಮರುಸೃಷ್ಟಿ ಮಾಡಿದ್ದರೆ ಹೊಸದಕ್ಕೆ ಏನೂ ದಕ್ಕಿಲ್ಲ. ಮುಂದೆ ಬರುವ ಟೇಬಲ್‌ಗೂ ತಾನಾಗಿ ಸಿಗಬೇಕಾದರೆ ಆಲ್ಟರ್ ಡಿಫಾಲ್ಟ್ ಪ್ರಿವಿಲೇಜಸ್ ಬೇಕು. ಅದರಲ್ಲೂ ಫಾರ್ ರೋಲ್ ಭಾಗವನ್ನು ಬಿಡಬೇಡಿ. ಬಿಟ್ಟರೆ ಆ ಆಜ್ಞೆ ಕೊಟ್ಟ ಯೂಸರ್ ಸೃಷ್ಟಿಸುವ ಟೇಬಲ್‌ಗಳಿಗೆ ಮಾತ್ರ ಅದು ಅನ್ವಯಿಸುತ್ತದೆ. ನೀವು ಅಡ್ಮಿನ್ ಆಗಿ ಕೊಟ್ಟು, ಟೇಬಲ್‌ಗಳನ್ನು ಮೈಗ್ರೇಶನ್ ಯೂಸರ್ ಸೃಷ್ಟಿಸುತ್ತಿದ್ದರೆ ಪ್ರಯೋಜನವಿಲ್ಲ.

ಆಲ್ಟರ್ ಡಿಫಾಲ್ಟ್ ಪ್ರಿವಿಲೇಜಸ್ ಫಾರ್ ರೋಲ್ ಮೈಗ್ರೇಟರ್ ಇನ್ ಸ್ಕೀಮಾ ಜಿಆರ್_001
ಗ್ರಾಂಟ್ ಸೆಲೆಕ್ಟ್, ಇನ್ಸರ್ಟ್, ಅಪ್‌ಡೇಟ್ ಆನ್ ಟೇಬಲ್ಸ್ ಟು ಆಪ್_ಯೂಸರ್;

ಇದನ್ನೂ ಫಾರ್ಮ್ಯಾಟ್ ಮತ್ತು \ಜಿಎಕ್ಸೆಕ್ ಮೂಲಕ 64 ಸ್ಕೀಮಾಗಳಿಗೂ ಬರೆಸಿ, ಈ ಸಲ ಸ್ಟ್ರಿಂಗ್_ಆಗ್ ಇಲ್ಲದೆ, ಒಂದೊಂದು ಸಾಲಿಗೆ ಒಂದೊಂದು ಆಜ್ಞೆ. ಈಗಾಗಲೇ ಇರುವ ಆ ಎರಡು ಟೇಬಲ್‌ಗೆ ಮಾತ್ರ ಮಾಮೂಲಿ ಗ್ರಾಂಟ್ ಪ್ರತ್ಯೇಕವಾಗಿ ಓಡಿಸಬೇಕು. ಆಮೇಲೆ ಅಪ್ಲಿಕೇಶನ್ ಯೂಸರ್ ಆಗಿ ಲಾಗಿನ್ ಆಗಿ, ಇನ್ಫರ್ಮೇಶನ್_ಸ್ಕೀಮಾ.ಟೇಬಲ್ಸ್ ಕೇಳಿ: ಜಿಆರ್_047 ರ ಹೆಸರು ಬದಲಿಸಿ ಅದಕ್ಕೂ ಗ್ರಾಂಟ್ ಇದ್ದರೆ 64 ಸಾಲು, ಹೆಸರು ಇನ್ನೂ ಬದಲಿಸದಿದ್ದರೆ 63.